ನೇರಲಕೊಪ್ಪದ ವಿದೇಶಾಂಗ ನೀತಿ

ಚೀನಾದವರು ಹಿಮಾಲಯ ದಾಟಿ ಬಂದರೆಂಬ ಸುದ್ದಿ ಪಂಚಾಯ್ತಿಯ ರೇಡಿಯೊದಲ್ಲಿ ಬಂದ ವಾರವೇ ನೇರಲಕೊಪ್ಪದ ಗ್ರಾಮ ಪಂಚಾಯ್ತಿ ಸಭೆ ಸೇರಿ ಪೀಕಿಂಗ್ ಸರ್ಕಾರವನ್ನು ಖಂಡಿಸುವ ಗೊತ್ತುವಳಿ ಮಾಡಿತು. ಗೊತ್ತುವಳಿ ಮಾಡುವುದರಲ್ಲಿ ನೇರಲಕೊಪ್ಪದವರನ್ನು ಮೀರಿಸುವವರು ಸಾಗರ ತಾಲ್ಲೂಕಿನಲ್ಲೇ ಇರಲಿಲ್ಲ. ಬರೀ ಖಂಡಿಸುವುದೋ ಉಗ್ರವಾಗಿ ಖಂಡಿಸುವುದೋ ಎಂದು ಬೆಳಗಿನಿಂದ ಚರ್ಚೆ ನಡೆದು, ಊಟದ ಹೊತ್ತು ಮೀರುತ್ತಿದ್ದುದರಿಂದ ಉಗ್ರವಾಗಿಯೇ ಖಂಡಿಸಲಾಯಿತು. ಪೀಕಿಂಗಿಗೆ ಕಳಿಸಲು ಎಷ್ಟರ ಅಂಚೆಚೀಟಿ ಹಚ್ಚಬೇಕೆಂಬುದು ಅಂಚೆಯವನಿಗೂ ಗೊತ್ತಿಲ್ಲದ ಕಾರಣ ಅದನ್ನು ಸಾಗರದ ಅಮಲ್ದಾರರಿಗೆ ಕಳಿಸಿದರು. ಅಮಲ್ದಾರರು ಅದನ್ನೇನು ಮಾಡಿದರೋ ತಿಳಿಯದು, ಚೀನಾದವರು ಮಾತ್ರ ಸ್ವಲ್ಪ ದಿನದಲ್ಲೇ ಯುದ್ಧ ನಿಲ್ಲಿಸಿಬಿಟ್ಟರು. ಇದರಲ್ಲಿ ತಮ್ಮ ಪಾಲೂ ಇರಬಹುದೆಂಬ ಅನುಮಾನ ಊರಿನ ಕೆಲವರಲ್ಲಿ ಕೊನೆಯವರೆಗೂ ಉಳಿಯಿತು.

ಪಂಚಾಯ್ತಿ ಛೇರ್ಮನ್ ಗುತ್ಯಪ್ಪನಿಗೆ ಅಂಥ ಅನುಮಾನವೇನೂ ಇರಲಿಲ್ಲ. ಅವನ ತಲೆಬಿಸಿ ಹಿಮಾಲಯದ್ದಲ್ಲ, ಹಳ್ಳದ ಆಚೆ ದಡದ್ದು.

ನೇರಲಕೊಪ್ಪದ ಗದ್ದೆಗಳ ಕೆಳಗೆ ಹರಿಯುವ ಹಳ್ಳಕ್ಕೆ ಈಚೆ ದಡ ಸಾಗರ ತಾಲ್ಲೂಕು, ಆಚೆ ದಡ ಹೊಸನಗರ ತಾಲ್ಲೂಕು. ಹಳ್ಳದ ತಕರಾರು ಹಿಡಿದುಕೊಂಡು ಸಾಗರಕ್ಕೆ ಹೋದರೆ ಅದು ಹೊಸನಗರದ್ದು ಎನ್ನುತ್ತಿದ್ದರು, ಹೊಸನಗರಕ್ಕೆ ಹೋದರೆ ಸಾಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿ ಕಳಿಸುತ್ತಿದ್ದರು. ಆಚೆ ದಡದ ಊರು ಹೊನ್ನೆಬೈಲು. ಅಲ್ಲಿ ಬೆಳ್ಳಪ್ಪಗೌಡರು ಹೇಳಿದ್ದೇ ಮಾತು. ಸರ್ಕಾರದ ಲೆಕ್ಕಕ್ಕೆ ಅಲ್ಲಿಯೂ ಪಂಚಾಯ್ತಿ ಇತ್ತೆನ್ನಿ. ಅದು ಗೌಡರ ಜಗುಲಿಯಲ್ಲಿ ಕೂಡುತ್ತಿತ್ತು, ಗೌಡರು ಕವಳ ಹಾಕಿ ಉಗುಳುವಷ್ಟರಲ್ಲಿ ಮುಗಿಯುತ್ತಿತ್ತು.

ಗೌಡರು ಕೆಟ್ಟವರಾಗಿ ಕೈಲಾಗದವರೂ ಆಗಿದ್ದರೆ ಗುತ್ಯಪ್ಪ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದ. ಸಂಕಟವೆಂದರೆ ಅವರು ಕೈಲಾಗುವವರು. ಎರಡೇ ಬೇಸಿಗೆಯಲ್ಲಿ ಅಕ್ಕಿ ಮಿಲ್ಲು ಹಾಕಿಸಿದರು, ಲಾರಿ ತಂದರು, ಲಾರಿ ಬರಲು ರಸ್ತೆ ಮಾಡಿಸಿದರು. ರಸ್ತೆಗೆ ಅಡ್ಡ ಬಂದ ಗದ್ದೆಯವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಚೆ ದಡದಲ್ಲಿ ಒಂದು ಮೋರಿಗಾಗಿ ಬಂದ ಸಿಮೆಂಟು ಪೈಪುಗಳು, ಮೋರಿ ಯಾರ ಮನೆಯ ಮುಂದೆ ಆಗಬೇಕೆಂಬುದು ತೀರ್ಮಾನವಾಗದೆ, ರಸ್ತೆ ಬದಿಯಲ್ಲಿ ಮಲಗಿದ್ದವು. ಅವುಗಳಲ್ಲೊಂದರೊಳಗೆ ಒಂದು ನಾಯಿ ಮರಿ ಹಾಕಿ, ಆ ಮರಿಗಳೂ ಬೆಳೆದು ದೊಡ್ಡವಾಗಿ ಈಗ ಸಭೆಗೆ ಬಂದು ಬಾಗಿಲಲ್ಲಿ ಮಲಗುತ್ತಿದ್ದವು. ಎಲ್ಲ ಒಬ್ಬನ ಕೈಯಲ್ಲಿದ್ದರೆ ಕೆಲಸ ಆಗುತ್ತದೆ ನೋಡಿ ಎಂದು ಊರಿನ ಪಡ್ಡೆ ಹುಡುಗರು ಗುತ್ಯಪ್ಪನಿಗೆ ಕೇಳುವ ಹಾಗೆಯೇ ಮಾತಾಡಿಕೊಳ್ಳುತ್ತಿದ್ದರು.

ಹೊನ್ನೆಬೈಲಿನ ವಿಷಯದಲ್ಲಿ ನೇರಲಕೊಪ್ಪದಲ್ಲಿ ಎರಡು ಪಕ್ಷವಿತ್ತು. ಒಂದರ ಮುಖಂಡ ದುಗ್ಗಪ್ಪ. ಗೇಣಿದಾರರ ಹೋರಾಟದಲ್ಲಿ ಲಾಠಿ ಪೆಟ್ಟು ತಿಂದವನೆಂದು ಅವನಿಗೆ ಊರಿನಲ್ಲಿ ಗೌರವವಿತ್ತು. ಪೆಟ್ಟು ಬಿದ್ದ ಜಾಗವನ್ನು ಈಗಲೂ ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದ. ಗೌಡನ ಹತ್ತಿರ ಯಾವ ವ್ಯವಹಾರವೂ ಬೇಡ, ಒಂದು ಕಾಳು ಭತ್ತವೂ ಅವನ ಮಿಲ್ಲಿಗೆ ಹೋಗಬಾರದು ಎಂಬುದು ದುಗ್ಗಪ್ಪನ ವಾದ. ಇನ್ನೊಂದು ಪಕ್ಷ ಶಾಲೆಯ ಮೇಷ್ಟರು ಸುಂದರೇಶರದು. ತೀರ್ಥಹಳ್ಳಿ ಕಡೆಯವರು, ಪೇಪರು ಓದುವವರು, ಪಂಚಾಯ್ತಿಯ ಬರವಣಿಗೆಯೂ ಅವರದೇ.

"ವ್ಯವಹಾರ ಬೆಳೆದ ಹಾಗೆ ಮನುಷ್ಯ ಮೆತ್ತಗಾಗ್ತಾನೆ ಗುತ್ಯಪ್ಪ," ಎಂದು ಮೇಷ್ಟರು ತಿಳಿಹೇಳುತ್ತಿದ್ದರು. "ಒಂದು ನಾಲ್ಕು ವರ್ಷ ನಮ್ಮ ಭತ್ತ ಅವರ ಮಿಲ್ಲಿಗೆ ಹೋಗಲಿ. ಐದನೇ ವರ್ಷ ಗೌಡರೇ ಊರವರನ್ನ ಕರೆದು, ನಿಮ್ಮ ಅಭಿಪ್ರಾಯ ಏನು ಅಂತ ಕೇಳ್ತಾರೆ."

ಕೊನೆಗೆ ದುಗ್ಗಪ್ಪನ ಪಕ್ಷವೇ ಗೆದ್ದು, ಮಿಲ್ಲಿಗೆ ಬಹಿಷ್ಕಾರ ಹಾಕುವ ಗೊತ್ತುವಳಿ ಆಯಿತು. ಆದರೆ ಒನಕೆ ಹಿಡಿದು ಭತ್ತ ಕುಟ್ಟುವುದು ಗೊತ್ತುವಳಿ ಮಾಡಿದವರಲ್ಲ, ಅವರ ಹೆಂಡಂದಿರು. ಹೀಗಾಗಿ ಊರಿನ ಗಂಡಸರಿಗೆಲ್ಲ ಇದ್ದಕ್ಕಿದ್ದ ಹಾಗೆ ನೆಂಟರ ಮನೆಯ ನೆನಪಾಗತೊಡಗಿತು. ಮೂಟೆ ಹೊತ್ತು ಕಾಡುದಾರಿಯಲ್ಲಿ ಬಳಸಿಕೊಂಡು ಹೊರಡುತ್ತಿದ್ದರು. ಗುತ್ಯಪ್ಪನೂ ಒಂದು ದಿನ ಹಾಗೆಯೇ ಹೋಗಿ ಮಿಲ್ಲಿನ ಬಾಗಿಲಲ್ಲಿ ಮೂಟೆ ಇಳಿಸಿದರೆ, ಒಳಗಿನಿಂದ ಅಕ್ಕಿ ಮೂಟೆ ಹೊತ್ತು ದುಗ್ಗಪ್ಪ ಬರುತ್ತಿದ್ದ. ಇಬ್ಬರೂ ಮಳೆ ಈ ಸಲ ಬೇಗ ನಿಂತಿತೆಂದು ಮಾತಾಡಿಕೊಂಡರು.

ಆದರೆ ಯಾವ ಪಕ್ಷವೂ ಮುಟ್ಟದ ವಿಷಯ ಒಂದಿತ್ತು. ಅದು ಒಡ್ಡು. ಮಳೆಗಾಲ ಕಳೆದು ಹಳ್ಳ ಇಳಿದ ಮೇಲೆ ಎರಡೂ ಊರಿನವರು ಸೇರಿ ಹಳ್ಳಕ್ಕೆ ಅಡ್ಡಲಾಗಿ ಗೂಟ ಹೊಡೆದು, ಸೊಪ್ಪು ತುಂಬಿ, ಮಣ್ಣು ಮೆತ್ತಿ ಒಡ್ಡು ಕಟ್ಟಬೇಕು. ಆಗ ನೀರು ಮೇಲೇರಿ ಎರಡೂ ದಡದ ಕಾಲುವೆಗೆ ಹತ್ತುತ್ತದೆ, ಬೇಸಿಗೆಗೆ ಕಬ್ಬು ಉಳಿಯುತ್ತದೆ. ಅವರವರು ಅವರವರ ದಡದಿಂದ ಕಟ್ಟಿಕೊಂಡು ಬರುವುದು, ನಡುವೆ ಉಳಿದ ಬಾಯನ್ನು ಎರಡೂ ಊರಿನ ಹಿರಿಯರು ಕೈಸೇರಿಸಿ ಮುಚ್ಚುವುದು, ಆಮೇಲೆ ಒಂದೇ ಸಾಲಿನಲ್ಲಿ ಕೂತು ಅವಲಕ್ಕಿ ಬೆಲ್ಲ ತಿನ್ನುವುದು ತಲೆತಲಾಂತರದ ಪದ್ಧತಿ. ಆ ಪದ್ಧತಿಗೆ ಒಂದು ಕಟ್ಟುಪಾಡೂ ಇತ್ತು. ಒಡ್ಡಿಗೆ ಯಾರು ಮಣ್ಣು ಹಾಕಿದರೋ ಅವರ ಗದ್ದೆಗೆ ಮುಂದಿನ ಮಳೆಯಲ್ಲಿ ಒಡ್ಡು ಒಡೆಯುವ ತನಕ ಯಾರೂ ನೀರು ತಪ್ಪಿಸುವ ಹಾಗಿಲ್ಲ, ಅವರ ಜೊತೆ ಕೂತು ತಿನ್ನಲು ಯಾರೂ ಒಲ್ಲೆನ್ನುವ ಹಾಗಿಲ್ಲ. ಇದನ್ನು ಬೆಳ್ಳಪ್ಪಗೌಡರ ಅಜ್ಜನೂ ಮುರಿದವನಲ್ಲ.

ಒಡ್ಡಿನ ಕೆಲಸಕ್ಕೆ ದಿನ ಗೊತ್ತು ಮಾಡಿದ ಮರುದಿನ ಬೆಳಿಗ್ಗೆ, ಹೊನ್ನೆಬೈಲಿನ ಸುಬ್ಬಪ್ಪ ಒಂದು ಗಂಟು ಹೊತ್ತು, ಒಂದು ದನ ಹೊಡೆದುಕೊಂಡು ಹಳ್ಳ ದಾಟಿ ಗುತ್ಯಪ್ಪನ ಅಂಗಳಕ್ಕೆ ಬಂದ. ಸುಬ್ಬಪ್ಪ ಗುತ್ಯಪ್ಪನ ಹೆಂಡತಿ ಮೀನಾಕ್ಷಮ್ಮನ ಅಣ್ಣ. ಹೆಂಡತಿ ತೀರಿಕೊಂಡು ಒಬ್ಬನೇ ಇದ್ದವನು. ಅವನು ಮಾಡಿದ ತಪ್ಪು ಇಷ್ಟೆ: ಊರಿನ ಗೋಮಾಳಕ್ಕೆ ಬೇಲಿ ಹಾಕಿ ಕಬ್ಬು ನೆಡುತ್ತೇನೆಂದು ಗೌಡರು ಜಗುಲಿಯಲ್ಲಿ ಹೇಳಿದಾಗ, ಹಾಗಾದರೆ ದನ ಎಲ್ಲಿ ಮೇಯಬೇಕು ಎಂದು ಕೇಳಿದ್ದ. ಗೌಡರು ಬೈಯಲಿಲ್ಲ, ಹೊಡೆಯಲಿಲ್ಲ, ಅವನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಮರುದಿನದಿಂದ ಅಂಗಡಿಯಲ್ಲಿ ಅವನಿಗೆ ಉಪ್ಪು ಮುಗಿದಿತ್ತು. ಕಮ್ಮಾರನಿಗೆ ಅವನ ಕತ್ತಿ ಹದ ಹಾಕಲು ಪುರುಸೊತ್ತಿರಲಿಲ್ಲ. ಕೊಯ್ಲಿಗೆ ಮುಯ್ಯಾಳು ಬರುತ್ತೇವೆಂದವರು ಬರಲಿಲ್ಲ, ಅವನು ತಾನೇ ಮುಯ್ಯಿ ತೀರಿಸಲು ಹೋದರೆ ಕರೆಯಲಿಲ್ಲ. ಭತ್ತ ಗದ್ದೆಯಲ್ಲೇ ಉದುರಿತು. ಕಡೆಗೆ ಅವನ ಕಾಲುವೆಗೂ ಮಣ್ಣು ಬಿತ್ತು.

ಗುತ್ಯಪ್ಪ ಅಂಗಳದಲ್ಲಿ ನಿಂತು ಇದೆಲ್ಲ ಕೇಳಿ, ಏನು ಮಾಡಲಿ ಎಂಬಂತೆ ಹೆಂಡತಿಯ ಮುಖ ನೋಡಿದ.

"ನಮ್ಮಣ್ಣ ಒಳಗೆ ಬಂದಾಯ್ತು," ಎಂದಳು ಮೀನಾಕ್ಷಮ್ಮ. "ಇನ್ನು ಬೇಕಾದ್ರೆ ನೀವು ಸಭೆ ಮಾಡಿ."

ಕಷ್ಟದಲ್ಲಿ ಬಂದವನು ಸೌಮ್ಯನಾಗಿದ್ದಿದ್ದರೆ ಗುತ್ಯಪ್ಪನಿಗೆ ಪುಣ್ಯ ಕಟ್ಟಿಕೊಳ್ಳುವುದು ಸುಲಭವಾಗುತ್ತಿತ್ತು. ಸುಬ್ಬಪ್ಪ ಅಂಥವನಲ್ಲ. ಮೊದಲ ದಿನವೇ ಸಾರಿಗೆ ಹುಳಿ ಜಾಸ್ತಿ ಎಂದ. ಕೊಟ್ಟಿಗೆಯ ಬಾಗಿಲು ತಪ್ಪು ದಿಕ್ಕಿಗಿದೆ ಎಂದ. ಪಂಚಾಯ್ತಿಯ ರೇಡಿಯೊದಲ್ಲಿ ಡೆಲ್ಲಿಯವರು ಸುದ್ದಿ ಹೇಳುತ್ತಿದ್ದರೆ, "ಇದು ಹೌದಂತೀಯಾ? ನಾನೊಪ್ಪಲ್ಲ ಮಾರಾಯ," ಎಂದು ಎದ್ದು ಹೋದ. ಅವನ ಬಾಯಿಂದ ಹೂಂ ಎಂಬ ಶಬ್ದ ಬಂದದ್ದನ್ನು ಹುಟ್ಟಿದೂರಿನಲ್ಲಿಯೂ ಯಾರೂ ಕೇಳಿರಲಿಲ್ಲವಂತೆ. ಕೆಲವು ಹೊತ್ತಿನಲ್ಲಿ, ವಿಶೇಷವಾಗಿ ಊಟದ ಹೊತ್ತಿನಲ್ಲಿ, ಗುತ್ಯಪ್ಪನಿಗೆ ಬೆಳ್ಳಪ್ಪಗೌಡರ ಮೇಲೆ ಸ್ವಲ್ಪ ಕನಿಕರವೇ ಹುಟ್ಟುತ್ತಿತ್ತು.

ಗೌಡರು ತಾವಾಗಿ ಬಂದರು. ಒಬ್ಬರೇ ನಡೆದುಕೊಂಡು ಹಳ್ಳ ದಾಟಿ ಬಂದು, ಜಗುಲಿಯಲ್ಲಿ ಕೂತು, ಮೀನಾಕ್ಷಮ್ಮ ಕೊಟ್ಟ ನೀರು ಬೆಲ್ಲ ಮುಟ್ಟಿ, ಕವಳದ ತಟ್ಟೆ ಎಳೆದುಕೊಂಡರು.

"ಸುಬ್ಬಪ್ಪ ಇಲ್ಲೇ ಇದಾನಂತೆ."

"ಹೌದು ಗೌಡ್ರೇ. ನನ್ನ ಹೆಂಡ್ತಿ ಅಣ್ಣ ಅಲ್ದಾ."

"ಇರ್ಲಿ, ಇರ್ಲಿ. ನೆಂಟ್ರ ಮನೆಗೆ ಬರೋದು ಬೇಡ ಅಂತೀನಾ. ಆದ್ರೆ ಅವ್ನು ನಮ್ಮೂರಿನ ಒಳಗಿನ ವಿಷಯ. ನಿಮ್ಮೂರಿನ ವಿಷಯಕ್ಕೆ ನಾನು ಯಾವತ್ತಾದ್ರೂ ಬಂದಿದೀನಾ? ನಿಮ್ಮ ಮೋರಿ ಪೈಪು ಅಷ್ಟು ದಿನದಿಂದ ರಸ್ತೇಲಿ ಬಿದ್ದಿದೆ. ನಾನು ಒಂದು ಮಾತು ಆಡಿದೀನಾ?"

ಗುತ್ಯಪ್ಪ ತಲೆ ಕೆರೆದುಕೊಂಡ. ಸುಣ್ಣದ ಡಬ್ಬಿಯನ್ನು ಗೌಡರ ಕಡೆಗೆ ಸರಿಸಿದ.

"ಆಲೆಮನೆ ಮುಗಿದ್ಮೇಲೆ ಬೆಲ್ಲ ಸಾಗರದ ಪೇಟೆಗೆ ಸಾಗಿಸ್ಬೇಕಲ್ಲ ನೀವು," ಎಂದು ಗೌಡರು ಅಡಿಕೆ ಆರಿಸುತ್ತ ಹೇಳಿದರು. "ನನ್ನ ಲಾರಿ ಸುಮ್ನೆ ನಿಂತಿರ್ತದೆ. ತಗೊಂಡು ಹೋಗಿ. ಸೋಮವಾರ ಒಡ್ಡಿಗೆ ನಮ್ಮೋರೆಲ್ಲ ಬರ್ತಾರೆ, ನಾನೂ ಬರ್ತೀನಿ. ಆದ್ರೆ ನೋಡು ಗುತ್ಯಪ್ಪ, ಅವನ ಕೈಯಿಂದ ಒಂದು ಹೆಂಟೆ ಮಣ್ಣು ಒಡ್ಡಿಗೆ ಬಿತ್ತೋ, ನನ್ನ ಕಡೆಯೋರು ಒಬ್ರೂ ಅಲ್ಲಿರಲ್ಲ."

ಗೌಡರ ಹೆದರಿಕೆ ಏನೆಂಬುದು ಗುತ್ಯಪ್ಪನಿಗೆ ಅರ್ಥವಾಯಿತು. ಸುಬ್ಬಪ್ಪ ಒಡ್ಡಿಗೆ ಮಣ್ಣು ಹಾಕಿದರೆ ಪದ್ಧತಿಯಂತೆ ಹೊನ್ನೆಬೈಲಿನಲ್ಲಿ ಅವನ ಗದ್ದೆಗೆ ನೀರು ಬಿಡಬೇಕು, ಅವನ ಜೊತೆ ಕೂತು ಅವಲಕ್ಕಿ ತಿನ್ನಬೇಕು. ಉಪ್ಪು ಮುಗಿದ ಅಂಗಡಿಯಲ್ಲಿ ಮತ್ತೆ ಉಪ್ಪು ಬರುತ್ತದೆ. ಮಾತಾಡಿದ ಒಬ್ಬನಿಗೆ ಉಪ್ಪು ಬಂದರೆ ಇನ್ನೊಬ್ಬನಿಗೂ ಮಾತು ಬರುತ್ತದೆ. ಅದಕ್ಕೇ ಗೌಡರು ಬಿಸಿಲಲ್ಲಿ ಇಲ್ಲಿತನಕ ನಡೆದುಬಂದಿದ್ದರು. ಆದರೆ ಒಡ್ಡಿಲ್ಲದಿದ್ದರೆ ನೇರಲಕೊಪ್ಪದ ಕಬ್ಬೆಲ್ಲ ಒಣಗುತ್ತದೆ, ಗುತ್ಯಪ್ಪನದೂ ಸೇರಿ. ಗೌಡರು ಹೋದ ಮೇಲೂ ಅವನು ಜಗುಲಿಯಿಂದ ಏಳದೆ ಬಹಳ ಹೊತ್ತು ಕೂತಿದ್ದ. ಮನಸ್ಸಿನೊಳಗೆ ಸುಬ್ಬಪ್ಪನನ್ನು ಒಂದು ಸಲ ಕಳಿಸಿದ, ನಾಚಿಕೆಯಾಗಿ ವಾಪಸು ಕರೆದ.

ಸಭೆ ಸೇರಿತು. ಮೊದಲು, ಹೊನ್ನೆಬೈಲಿನಲ್ಲಿ ಪ್ರಜೆಗಳಿಗೆ ಆಗುತ್ತಿರುವ ಅನ್ಯಾಯವನ್ನು ಖಂಡಿಸುವ ಗೊತ್ತುವಳಿ ಯಾವ ತಕರಾರೂ ಇಲ್ಲದೆ ಪಾಸಾಯಿತು. ಆಮೇಲೆ, ಅದನ್ನು ಹೊನ್ನೆಬೈಲಿಗೆ ಕಳಿಸುವುದು ಬೇಡವೆಂಬ ಗೊತ್ತುವಳಿಯೂ ಹಾಗೆಯೇ ಪಾಸಾಯಿತು. ಸುಬ್ಬಪ್ಪನನ್ನು ಏನು ಮಾಡುವುದೆಂಬಲ್ಲಿಗೆ ಬಂದಾಗ ದುಗ್ಗಪ್ಪ ಎದ್ದು ನಿಂತ.

"ಕಾರ್ಗಲ್ಲಲ್ಲಿ ಅಣೆಕಟ್ಟೆ ಕೆಲಸಕ್ಕೆ ಜನ ಬೇಕಂತೆ. ಅಲ್ಲಿಗೆ ಕಳ್ಸಿದ್ರೆ ಹೆಂಗೆ? ಅವ್ನಿಗೆ ಮಣ್ಣು ಹಾಕ್ಬೇಕು ಅಂತ ಆಸೆ ಇದ್ರೆ ಅಲ್ಲಿ ಬೇಕಾದಷ್ಟು ಹಾಕ್ಲಿ."

"ದುಗ್ಗಣ್ಣ, ನೀನು ಗೌಡನ ವಿರೋಧ ಪಕ್ಷ ಅಲ್ದಾ?" ಎಂದು ಕೇಳಿದಳು ಹಾಲಮ್ಮ. ಹೆಂಗಸರ ಕಡೆಯಿಂದ ಪಂಚಾಯ್ತಿಗೆ ಬಂದ ಸದಸ್ಯೆ ಅವಳು. ಸಭೆಗೆ ಬರುವಾಗ ಬತ್ತಿ ಹೊಸೆಯುವ ಹತ್ತಿ ತರುತ್ತಿದ್ದಳು, ಮಾತು ಮುಗಿಯುವುದರೊಳಗೆ ತಿಂಗಳ ಬತ್ತಿ ಆಗುತ್ತಿತ್ತು.

"ವಿರೋಧ ಹೌದು. ಕಬ್ಬೂ ಇದೆ," ಎಂದ ದುಗ್ಗಪ್ಪ.

ಸುಂದರೇಶ ಮೇಷ್ಟರು ಎರಡೂ ಪಕ್ಷಕ್ಕೆ ಒಪ್ಪಿಗೆಯಾಗುವ ಹಾಗೆ ಒಂದು ಒಕ್ಕಣೆ ತಯಾರಿಸಿ ಓದಿದರು. ಶ್ರೀ ಸುಬ್ಬಪ್ಪನವರಿಗೆ ಈ ಗ್ರಾಮದಲ್ಲಿ ವಾಸಿಸಲು ಸಂಪೂರ್ಣ ಸ್ವಾತಂತ್ರ್ಯವಿರುತ್ತದೆ. ಆದರೆ ಸದರಿ ಸ್ವಾತಂತ್ರ್ಯವನ್ನು ಹಳ್ಳದ ಕಡೆಗೆ, ಹಳ್ಳಕ್ಕೆ ಕಾಣುವ ಕಡೆಗೆ ಮತ್ತು ಸೋಮವಾರದಂದು ಎಲ್ಲಿಯೂ ಉಪಯೋಗಿಸತಕ್ಕದ್ದಲ್ಲ.

"ಅಂದ್ರೆ ಅವ್ನು ಇರ್ಲಿ, ಆದ್ರೆ ಕಾಣ್ಬಾರ್ದು. ಅಷ್ಟೇ ಅಲ್ದಾ?" ಎಂದಳು ಹಾಲಮ್ಮ.

"ಅಷ್ಟು ಒರಟಾಗಿ ಬರೆಯೋಕೆ ಬರಲ್ಲ ಹಾಲಮ್ಮ," ಎಂದರು ಮೇಷ್ಟರು.

ಗುತ್ಯಪ್ಪನಿಗೂ ಅದೇ ಸರಿ ಎನಿಸಿತು. ನೀರೂ ಉಳಿಯಿತು, ಮಾನವೂ ಉಳಿಯಿತು, ಭಾವನೂ ಉಳಿದ ಎಂದು ಲೆಕ್ಕ ಹಾಕಿದ. ಗೊತ್ತುವಳಿಯನ್ನು ಸುಬ್ಬಪ್ಪನಿಗೆ ಓದಿ ಹೇಳಿದಾಗ ಅವನು ಎಂದಿನಂತೆ ಒಪ್ಪಲ್ಲ ಎಂದ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸೋಮವಾರ ಒಡ್ಡಿನ ಕೆಲಸ ಮದುವೆ ಮನೆಯ ಹಾಗೆ ಸಾಗಿತು. ಎರಡೂ ದಡದವರು ಒಬ್ಬರಿಗೊಬ್ಬರು ತಮಾಷೆ ಮಾಡುತ್ತ, ಗೂಟ ಹೊಡೆಯುತ್ತ, ಸೊಪ್ಪು ತುಳಿಯುತ್ತ ನಡುವಿಗೆ ಬಂದರು. ನಡುವೆ ಬಾಯಿಯೊಂದು ಉಳಿಯಿತು. ಆಚೆಯಿಂದ ಗೌಡರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಮಣ್ಣಿನ ಹೆಂಟೆ ಎತ್ತಿಕೊಂಡರು. ಈಚೆಯಿಂದ ಗುತ್ಯಪ್ಪ ಇಳಿದ. ಆಗ ಹಿಂದಿನಿಂದ ಯಾರೋ ಬುಟ್ಟಿ ಮಣ್ಣು ತಂದು ಅವನ ಮಗ್ಗುಲಲ್ಲೇ ದಬಕ್ಕನೆ ಸುರಿದರು. ತಿರುಗಿ ನೋಡಿದರೆ ಸುಬ್ಬಪ್ಪ.

"ಮನೇಲಿ ಕೂತು ಕೂತು ಸಾಕಾಯ್ತು ಭಾವ," ಎಂದ ಅವನು. "ಹುಟ್ಟಿದ ಲಾಗಾಯ್ತು ಈ ಒಡ್ಡಿಗೆ ಮಣ್ಣು ಹಾಕಿದೀನಿ. ಈ ವರ್ಷ ಯಾಕೆ ಬೇಡ ಅಂತ ನಂಗೆ ಅರ್ಥ ಆಗ್ಲಿಲ್ಲ."

ಗೌಡರು ಕೈಯಲ್ಲಿದ್ದ ಹೆಂಟೆಯನ್ನು ನೀರಿಗೆ ಬಿಟ್ಟರು. ಕೂಗಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ. ಗುತ್ಯಪ್ಪನ ಮುಖವನ್ನೇ ನೋಡುತ್ತ ನಿಂತರು. ಈಚೆ ದಡದಿಂದ ಮೊದಲು ಬಂದ ದನಿ ದುಗ್ಗಪ್ಪನದು: "ಛೇರ್ಮನ್ರೇ, ಅವನ್ನ ಅತ್ಲಾಗೆ ಕಳ್ಸಿ. ಆ ಮಣ್ಣು ತೆಗೆದು ಎಸೀರಿ." ಅದಕ್ಕೆ ಹೌದು ಹೌದು ಎಂದವರು ಬಹಳ ಜನ. ಮೇಷ್ಟರು, ಆ ಮಣ್ಣು ಒಡ್ಡಿಗೆ ಬಿದ್ದಿದೆಯೋ ಒಡ್ಡಿನ ಪಕ್ಕಕ್ಕೆ ಬಿದ್ದಿದೆಯೋ ಎಂದು ಬಗ್ಗಿ ಪರೀಕ್ಷಿಸುತ್ತಿದ್ದರು.

ಗುತ್ಯಪ್ಪ ಭಾವನ ಕಡೆ ನೋಡಿದ. ಸುಬ್ಬಪ್ಪ ಖಾಲಿ ಬುಟ್ಟಿ ಹಿಡಿದುಕೊಂಡು ನಿಂತಿದ್ದ. ಆಚೆ ದಡದಲ್ಲಿ ಸಾಲಾಗಿ ನಿಂತವರೆಲ್ಲ ಅವನ ಜೊತೆ ಆಡಿ ಬೆಳೆದವರು, ಒಬ್ಬರೂ ತಲೆ ಎತ್ತಲಿಲ್ಲ. ಅದನ್ನು ನೋಡಿ ಗುತ್ಯಪ್ಪನಿಗೆ ಸಿಟ್ಟು ಬಂತು. ಸಿಟ್ಟು ಗೌಡರ ಮೇಲೋ, ಸುಬ್ಬಪ್ಪನ ಮೇಲೋ, ತನ್ನ ಗೊತ್ತುವಳಿಯ ಮೇಲೋ ಬಿಡಿಸಿ ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಗೌಡ್ರೇ," ಎಂದ. "ನೀರಿನ ವಿಷಯಕ್ಕೆ ನೀವೂ ನಾವೂ ಒಂದೇ. ಬನ್ನಿ, ಬಾಯಿ ಮುಚ್ಚೋಣ. ಇವ್ನ ವಿಷಯಕ್ಕೆ ಬೇರೆ. ಅಲ್ಲಿ ನಾನು ನಿಮ್ಮ ಮಾತು ಕೇಳಲ್ಲ."

ಗೌಡರು ದಡ ಹತ್ತಿದರು. ಅವರ ಹಿಂದೆ ಅವರ ಜನವೂ ಗುದ್ದಲಿ ಹೆಗಲಿಗೇರಿಸಿ ಹೋದರು. ತೆರೆದ ಬಾಯಲ್ಲಿ ನೀರು ಜುಳುಜುಳು ಹರಿದು ಹೋಗತೊಡಗಿತು. ಅವಲಕ್ಕಿಯನ್ನು ಅರ್ಧ ಸಾಲಿನವರೇ ತಿಂದರು, ಅದೂ ಛೇರ್ಮನ್ನನನ್ನು ಬೈಯುತ್ತ.

ಆಮೇಲಿನ ದಿನಗಳಲ್ಲಿ ನೇರಲಕೊಪ್ಪದ ಎರಡೂ ಪಕ್ಷ ಪರಸ್ಪರ ಜಾಗ ಬದಲಾಯಿಸಿಕೊಂಡವು. ದುಗ್ಗಪ್ಪ, ಗೌಡ ಎಷ್ಟೆಂದರೂ ನೆರೆಯವನು, ಕೈಮುಗಿದು ಕರೆಯೋಣ ಎನ್ನತೊಡಗಿದ. ಶಾಂತಿಪ್ರಿಯ ಮೇಷ್ಟರಿಗೆ ವೀರಾವೇಶ ಬಂದು, ಹಳ್ಳದ ಮೇಲ್ಗಡೆ ನಾವೇ ಬೇರೆ ಒಡ್ಡು ಕಟ್ಟಿ ಹೊನ್ನೆಬೈಲಿಗೆ ಹನಿ ನೀರು ಹೋಗದ ಹಾಗೆ ಮಾಡೋಣವೆಂದು ನಕ್ಷೆ ಬರೆದು ತಂದರು. ಗುತ್ಯಪ್ಪ ಎರಡನ್ನೂ ಒಲ್ಲೆನೆಂದ. ಅವನಿಗೆ ದೊಡ್ಡ ಉಪಾಯವೇನೂ ಹೊಳೆದಿರಲಿಲ್ಲ. ತಮ್ಮ ಕಡೆಯ ಅರ್ಧ ಒಡ್ಡು ಜರಿಯದಂತೆ ದಿನಾ ಹೋಗಿ ಮಣ್ಣು ಮೆತ್ತುವುದು, ಬಾಯನ್ನು ಹಾಗೆಯೇ ಬಿಡುವುದು, ಇಷ್ಟೇ ಅವನು ಮಾಡಿದ್ದು. ಜೊತೆಗೆ, ಮಿಲ್ಲಿಗೆ ಹೋಗುವವರು ಕಾಡುದಾರಿ ಬಿಟ್ಟು ಹಗಲು ಹೊತ್ತಿನಲ್ಲಿ ನೇರವಾಗಿ ಹಳ್ಳ ದಾಟಿ ಹೋಗಿ ಎಂದ. ಮೊದಲು ಮೂಟೆ ಹೊತ್ತವನು ಅವನೇ.

"ಏನು ಗುತ್ಯಪ್ಪ," ಎಂದರು ಮಿಲ್ಲಿನ ಮುಂದೆ ಕೂತಿದ್ದ ಗೌಡರು. "ಜಗಳ ಮಾಡ್ಕೊಂಡು ಭತ್ತ ತಂದಿದೀಯಲ್ಲ."

"ಜಗಳ ಸುಬ್ಬಪ್ಪಂದು ಗೌಡ್ರೇ. ಭತ್ತದ್ದಲ್ಲ."

"ಅವ್ನನ್ನ ಕಳ್ಸಿದೀಯಾ?"

"ಇಲ್ಲ."

"ಹಂಗಾದ್ರೆ ನೀರಿಲ್ಲ."

"ನಮಗೂ ಇಲ್ಲ, ನಿಮಗೂ ಇಲ್ಲ," ಎಂದ ಗುತ್ಯಪ್ಪ. ಕೆಣಕಬೇಕೆಂದು ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಹೇಳಿದ್ದ. ಹೇಳಿದ ಮೇಲೆ ಗೌಡರ ಹಿಂದೆ ಕಾಣುತ್ತಿದ್ದ ಗೋಮಾಳದ ಕಡೆ ಕಣ್ಣು ಹೋಯಿತು. ಬೇಲಿಯೊಳಗೆ ಉದ್ದಕ್ಕೂ ಹೊಸ ಕಬ್ಬು, ನೆಟ್ಟು ಬಹಳ ದಿನವಾಗಿಲ್ಲದ ಎಳೆಯ ಕಬ್ಬು. ನೇರಲಕೊಪ್ಪದ ಕಬ್ಬನ್ನೆಲ್ಲ ಒಟ್ಟು ಹಾಕಿದರೂ ಅಷ್ಟಾಗದು. ಇಷ್ಟು ದಿನ ಗೌಡರು ಒಡ್ಡಿಗೆ ಬರುವುದು ತಮ್ಮ ಮೇಲಿನ ದಯೆಯಿಂದ ಎಂದೇ ಅವನೂ ಅವನ ಊರವರೂ ತಿಳಿದಿದ್ದರು. ಬೆಳೆದವನಿಗೆ ಬಾಯಾರಿಕೆಯೂ ಬೆಳೆದಿರುತ್ತದೆ ಎಂದು ಯಾವ ಸಭೆಯಲ್ಲೂ ಯಾರೂ ಹೇಳಿರಲಿಲ್ಲ.

ಹಾಗೆಂದು ಕಾಯುವುದು ಸುಲಭವಾಗಲಿಲ್ಲ. ಗುತ್ಯಪ್ಪನ ಕಬ್ಬಿನ ಗರಿ ಸುರುಳಿ ಸುತ್ತತೊಡಗಿತು. ದಾರಿಯಲ್ಲಿ ಸಿಕ್ಕವರು ಅವನನ್ನು ಮಾತಾಡಿಸುವುದು ಬಿಟ್ಟರು. ಒಂದು ಬೆಳಿಗ್ಗೆ ಸುಬ್ಬಪ್ಪ ಗಂಟು ಕಟ್ಟಿ ದನದ ಹಗ್ಗ ಬಿಚ್ಚುತ್ತಿದ್ದ.

"ನಾನು ಕಾರ್ಗಲ್ಲಿಗೆ ಹೋಗ್ತೀನಿ ಭಾವ. ನನ್ನೊಬ್ಬನಿಂದ ಇಷ್ಟು ಜನಕ್ಕೆ ತೊಂದ್ರೆ ಬೇಡ."

"ಒಂದು ಸಲನಾದ್ರೂ ಹೂಂ ಅನ್ನು ಮಾರಾಯ. ಇರು ಅಂದ್ರೆ ಇರು," ಎಂದ ಗುತ್ಯಪ್ಪ.

ಸುಬ್ಬಪ್ಪ ಬಿಚ್ಚಿದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತುತ್ತ, ಹೂಂ ಎಂದ. ಮೀನಾಕ್ಷಮ್ಮ ಬಾಗಿಲ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆ ಸಾರಿಗೆ ಉಪ್ಪು ಕಡಿಮೆ ಎಂದು ಅವನು ಹೇಳಿದಾಗ ಮನೆಯವರಿಗೆಲ್ಲ ಸಮಾಧಾನವಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೊನ್ನೆಬೈಲಿನ ಜನ ಗುದ್ದಲಿ, ಬುಟ್ಟಿ ಹಿಡಿದು ಒಡ್ಡಿನ ಹತ್ತಿರ ಬಂದರು. ಗೋಮಾಳದ ಎಳೆ ಕಬ್ಬು ಹಳದಿಗೆ ತಿರುಗಿತ್ತು. ಗೌಡರು ಬರಲಿಲ್ಲ, ಅವರಿಗೆ ಜ್ವರವಂತೆ. ಅವರ ಪರವಾಗಿ ಬಂದ ಮುದುಕನೊಬ್ಬ ಯಾರ ಮುಖವನ್ನೂ ನೋಡದೆ ಬಾಯಿಗೆ ಹೆಂಟೆ ಇಟ್ಟ. ಅವನ ಪಕ್ಕದಲ್ಲಿ ಸುಬ್ಬಪ್ಪ ಮಣ್ಣು ಸುರಿದದ್ದನ್ನು ಹೊನ್ನೆಬೈಲಿನವರು ಯಾರೂ ಕಾಣಲಿಲ್ಲ. ಅವಲಕ್ಕಿಗೆ ಕೂತಾಗ ಸುಬ್ಬಪ್ಪನ ಪಕ್ಕ ಕೂತ ಹೊನ್ನೆಬೈಲಿನವನೊಬ್ಬ ತನ್ನ ಎಲೆಯ ಬೆಲ್ಲದ ಚೂರನ್ನು ಮೆಲ್ಲಗೆ ಅವನ ಎಲೆಗೆ ದೂಡಿದ. ಸುಬ್ಬಪ್ಪನ ಗದ್ದೆಯ ಕಾಲುವೆಗೆ ಬಿದ್ದಿದ್ದ ಮಣ್ಣು ಮರುದಿನ ಹೋಗಿತ್ತು. ಗೋಮಾಳದ ಬೇಲಿ ಮಾತ್ರ ಹಾಗೆಯೇ ಇತ್ತು. ಗೌಡರು ಗೌಡರೇ, ಸೋತೆನೆಂದು ಅವರಿಗೆ ಅನಿಸಿದ ಹಾಗೂ ಇರಲಿಲ್ಲ. ಈ ಬೇಸಿಗೆ ಇಲ್ಲೇ ಇರುತ್ತೇನೆ, ಗದ್ದೆಗೆ ಹೋಗಿ ಬಂದು ಮಾಡುತ್ತೇನೆ ಎಂದ ಸುಬ್ಬಪ್ಪನಿಗೆ ಗುತ್ಯಪ್ಪ ಬೇಡವೆನ್ನಲಿಲ್ಲ.

ಆದರೆ ನೇರಲಕೊಪ್ಪಕ್ಕೆ ಗೆದ್ದೆವೆಂದು ಅನಿಸಿತು. ಕಾಲುವೆಯಲ್ಲಿ ನೀರು ಬರುತ್ತಲೇ ಗುತ್ಯಪ್ಪನನ್ನು ಬೈದವರೆಲ್ಲ ತಾವು ಮೊದಲೇ ಹಾಗೆ ಹೇಳಿದ್ದೆವೆಂದು ನೆನಪು ಮಾಡಿಕೊಂಡರು. ಅಂಗಡಿಯ ಬೆಂಚಿನಲ್ಲಿ ಅವನಿಗೆ ಜಾಗ ಬಿಟ್ಟರು. ಕಡೆಗೆ ಒಂದು ವಿಶೇಷ ಸಭೆ ಕರೆದರು. ಮೇಷ್ಟರು ಬರೆದು ತಂದದ್ದನ್ನು ದುಗ್ಗಪ್ಪನೇ ಮಂಡಿಸಿದ.

"ನಮ್ಮ ಛೇರ್ಮನ್ರು ಒಬ್ರೇ ನಿರ್ಧಾರ ಮಾಡಿದ್ದಕ್ಕೆ ನೀರು ಬಂತು. ನಾವೆಲ್ಲ ಸಭೇಲಿ ಮಾತಾಡಿದ್ರೆ ಬರ್ತಿರ್ಲಿಲ್ಲ. ಆದ್ರಿಂದ ಇನ್ಮೇಲೆ ಸಭೆ ಬೇಡ. ಎಲ್ಲಾ ಅವ್ರೇ ನೋಡ್ಕೊಳ್ಳಿ. ಮುಂದಿನ ಚುನಾವಣೇಲೂ ಯಾರೂ ಎದುರು ನಿಲ್ಲೋದು ಬೇಡ. ಯುಗಾದಿಗೆ ಒಂದ್ಸಲ ಸೇರಿ ಬೇವು ಬೆಲ್ಲ ತಿನ್ನಾಣ."

ಹಾಲಮ್ಮ ಹತ್ತಿ ಕೆಳಗಿಟ್ಟು ಕೈ ಎತ್ತಿದಳು. ಎಲ್ಲರೂ ಎತ್ತಿದರು. ಗುತ್ಯಪ್ಪ ಬೇಡ ಬೇಡ ಎಂದ, ಆದರೆ ಬೇಡ ಎನ್ನುವಾಗ ಮುಖ ಅರಳಿತ್ತು. ಸುಳ್ಳು ಯಾಕೆ, ಅವನಿಗೆ ಬಹಳ ಸಂತೋಷವಾಗಿತ್ತು. ಈ ಜನಕ್ಕಾಗಿ ತಾನು ಒಣಗಿದ್ದೇನೆ, ಬೈಸಿಕೊಂಡಿದ್ದೇನೆ, ಇಷ್ಟಾದರೂ ಬೇಡವೇ ಎನಿಸಿತು. ಆ ಮೋರಿ ಪೈಪುಗಳನ್ನು ತನ್ನ ಗದ್ದೆಯ ತಿರುವಿನಲ್ಲಿ ನಾಳೆಯೇ ಹೂಳಿಸಿಬಿಡಬಹುದು, ಅಲ್ಲಿಯೇ ಅದು ಸರಿಯಾದ ಜಾಗ, ಮುಂಚಿನಿಂದಲೂ ಸರಿಯಾದ ಜಾಗ ಎಂದು ಅವನ ಮನಸ್ಸು ಆಗಲೇ ಕೆಲಸ ಶುರು ಮಾಡಿತ್ತು.

"ನಾನೊಪ್ಪಲ್ಲ," ಎಂಬ ದನಿ ಬಂತು.

ಬಾಗಿಲಲ್ಲಿ ನಾಯಿಗಳ ಪಕ್ಕ ಸುಬ್ಬಪ್ಪ ನಿಂತಿದ್ದ.

"ಗುತ್ಯಪ್ಪ ನನ್ನ ಭಾವ," ಎಂದ. "ಒಳ್ಳೇವ್ನು. ಇವ್ನು ಇಲ್ದಿದ್ರೆ ನಾನು ಎಲ್ಲಿ ಇರ್ತಿದ್ನೋ. ಆದ್ರೂ ಕೇಳ್ತೀನಿ. ನಾಳೆ ಇವ್ನು ತಪ್ಪು ಮಾಡಿದ್ರೆ ಎಲ್ಲಿ ಕೇಳೋದು? ಯಾರತ್ರ ಕೇಳೋದು?"

ಗುತ್ಯಪ್ಪನ ಕಿವಿ ಬಿಸಿಯಾಯಿತು. ನನ್ನ ಅನ್ನ ತಿಂದು, ನನ್ನ ಜಗುಲಿಯಲ್ಲಿ ಮಲಗಿ, ಇವನಿಗಾಗಿ ನನ್ನ ಕಬ್ಬು ಒಣಗಿಸಿಕೊಂಡರೆ, ಊರೆದುರಿಗೆ ಹೀಗೆ ಕೇಳುವವನೂ ಇವನೇ. ಅಷ್ಟು ಕಷ್ಟವಾದರೆ ಆಚೆ ದಡಕ್ಕೇ ಹೋಗು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆದೂ ಇದ್ದ. ಸುಬ್ಬಪ್ಪ ಆ ಬಾಯನ್ನೇ ನೋಡುತ್ತಿದ್ದ. ಆ ಮಾತು ಏನೆಂದು ಅವನಿಗೆ ಗೊತ್ತಿರುವುದು ಅವನ ಮುಖದಲ್ಲೇ ಕಾಣುತ್ತಿತ್ತು.

ಮೇಷ್ಟರು ಮೆಲ್ಲಗೆ ಗುತ್ಯಪ್ಪನ ಕಿವಿಯ ಹತ್ತಿರ ಬಗ್ಗಿದರು. "ಯೋಚನೆ ಬೇಡ. ಆತನ ಹೆಸರು ಈ ಊರಿನ ಓಟರ್ ಲಿಸ್ಟಿನಲ್ಲಿಲ್ಲ. ಆತನ ಆಕ್ಷೇಪಣೆ ಲೆಕ್ಕಕ್ಕೆ ಬರಲ್ಲ. ಸರ್ವಾನುಮತ ಅಂತ ಬರೀತೀನಿ."

ಗುತ್ಯಪ್ಪ ಬಾಯಿ ಮುಚ್ಚಿಕೊಂಡ. ಗೌಡರೆದುರು ಹಳ್ಳದಲ್ಲಿ ನಿಂತಾಗ ಅವನಿಗೆ ಹೆದರಿಕೆಯಾಗಿರಲಿಲ್ಲ. ಈಗ ಚಾಪೆಯ ಮೇಲೆ ಕೂತಲ್ಲೇ ತನ್ನ ಬಗ್ಗೆಯೇ ಹೆದರಿಕೆಯಾಗಿತ್ತು.

"ಹಂಗೆ ಬರೀಬೇಡಿ ಮೇಷ್ಟ್ರೇ," ಎಂದ. "ಒಬ್ರ ವಿರೋಧ ಅಂತ ಬರೀರಿ."

"ಯಾರ ಹೆಸರು ಬರೀಲಿ? ಆತಂದು ಬರೆಯೋಕೆ ಬರಲ್ಲ ಅಂದೆನಲ್ಲ."

"ನಂದು ಬರೀರಿ."

ದುಗ್ಗಪ್ಪನಿಗೆ ಸಿಟ್ಟು ಬಂತು. ಛೇರ್ಮನ್ನಿಗೇ ಛೇರ್ಮನ್ ಬೇಡವಾದರೆ ಮುಂದಿನ ಸಲ ನಾನೇ ನಿಲ್ಲುತ್ತೇನೆ ಎಂದ. ನಿನಗೆ ಯಾರು ಓಟು ಹಾಕುತ್ತಾರೆಂದು ಹಾಲಮ್ಮ ಕೇಳಿದಳು. ಮೋರಿ ಯಾರ ಮನೆಯ ಮುಂದೆ ಎಂಬ ಪ್ರಶ್ನೆಯನ್ನು ಯಾರೋ ಎತ್ತಿದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ನಾಯಿಗಳು ಎದ್ದು ಮೈ ಕೊಡವಿಕೊಂಡವು.

ಆ ಗದ್ದಲದಲ್ಲಿ ಗುತ್ಯಪ್ಪ ಬಾಗಿಲ ಕಡೆ ನೋಡಿದ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಬಾಗಿಲಲ್ಲಿ ನಿಂತು ಎಂತಕ್ಕೆ ಹೇಳ್ತೀಯ ಭಾವ," ಎಂದ. "ಒಳಗೆ ಬಂದು ಕೂತು ಹೇಳು."

ಹೇಳಿ, ತಾನು ಕೂತಿದ್ದ ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ.